ಬ್ರಿಟನ್‌ನ ಕೋಟೆ, ಹಳ್ಳಿ, ಬೆಟ್ಟ ನೋಡಲು ಯಾವಾಗ ಬರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ ನೋಡಲು ಹೊರಟ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ವರ್ಷವಿಡೀ ಫೋನ್ ಮಾಡುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವರು ಕೇಳಿದ ಮಾತಿನಲ್ಲೇ ಅವನ್ನು ಇಲ್ಲಿ ಸೇರಿಸಿದ್ದೇನೆ. ಮೊದಲ ಸಲ ಬರುವವರದ್ದು ಮೊದಲು, ಆಗಲೇ ಒಂದೆರಡು ಸಲ ಬಂದು ಹೋದವರದ್ದು ಕೊನೆಗೆ. ಎಲ್ಲರೂ ಮಳೆ, ಚಳಿಯ ಲೆಕ್ಕದಿಂದ ಶುರು ಮಾಡುತ್ತಾರೆ. ಹಗಲು ಎಷ್ಟು ಹೊತ್ತು ಇರುತ್ತದೆ, ಬಾಗಿಲು ಯಾವಾಗ ತೆರೆದಿರುತ್ತದೆ, ಈ ಎರಡನ್ನು ಮೊದಲು ನೋಡಿ ಅನ್ನುವುದು ನನ್ನ ಮಾತು.

## ಮೊದಲ ಸಲ ಬರುವವರಿಗೆ

ಒಂದೇ ಮಾತಲ್ಲಿ ಹೇಳಿಬಿಡಿ, ಯಾವ ತಿಂಗಳು ಬರಬೇಕು?

ಮೇ ಎರಡನೇ ವಾರದಿಂದ ಜೂನ್ ಮಧ್ಯದವರೆಗೆ. ಅದು ಆಗದಿದ್ದರೆ ಸೆಪ್ಟೆಂಬರ್.

ಜೂನ್ ಕೊನೆಯಲ್ಲಿ ಲಂಡನ್‌ನಲ್ಲಿ ಬೆಳಗ್ಗೆ 4.45ಕ್ಕೆಲ್ಲ ಸೂರ್ಯ ಹುಟ್ಟುತ್ತಾನೆ, ರಾತ್ರಿ 9.20ರ ಹೊತ್ತಿಗೆ ಮುಳುಗುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಬೆಳಗ್ಗೆ 8ಕ್ಕೆ ಹುಟ್ಟಿ ಸಂಜೆ 4ರೊಳಗೆ ಹೋಗಿಬಿಡುತ್ತಾನೆ. ಹದಿನಾರೂವರೆ ಗಂಟೆ ಹಗಲು ಎಲ್ಲಿ, ಎಂಟು ಗಂಟೆ ಎಲ್ಲಿ! ಬೆಂಗಳೂರಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ಅದಕ್ಕೇ ನಮಗೆ ಈ ಲೆಕ್ಕ ತಲೆಗೆ ಹೊಳೆಯುವುದಿಲ್ಲ. ಮೇ ತಿಂಗಳಲ್ಲಿ ಒಂದು ದಿನದಲ್ಲಿ ನೋಡಿದ್ದನ್ನು ಡಿಸೆಂಬರ್‌ನಲ್ಲಿ ನೋಡಲು ಎರಡು ದಿನ ಬೇಕು.

ಒಂದು ಎಚ್ಚರ. ಮೇ ಕೊನೆಯ ವಾರ ಇಂಗ್ಲೆಂಡಿನ ಶಾಲೆಗಳಿಗೆ ಅರ್ಧಾವಧಿ ರಜೆ, ಕೊನೆಯ ಸೋಮವಾರ ಬ್ಯಾಂಕ್ ಹಾಲಿಡೇ, ಅಂದರೆ ಸಾರ್ವಜನಿಕ ರಜೆ. ಆ ಒಂದು ವಾರ ಬಿಟ್ಟುಬಿಡಿ. ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ದಿನಗಳವರೆಗೆ ದೊಡ್ಡ ರಜೆ. ಹೋಟೆಲ್ ದರ, ಜನ ಎರಡೂ ಆಗ ಜಾಸ್ತಿ.

ಅಲ್ಲಿ ದಿನಾ ಮಳೆ ಅಂತಾರಲ್ಲ, ಬಂದು ರೂಮಲ್ಲಿ ಕೂರೋದಾ?

ಲಂಡನ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಬೆಂಗಳೂರಲ್ಲಿ ಸುಮಾರು 970. ನಂಬೋಕೆ ಕಷ್ಟ, ಅಲ್ವಾ? ನಮ್ಮಲ್ಲಿ ಮಳೆಗೆ ಅಂತ ಕಾಲ ಇದೆ, ಬಂದರೆ ಸುರಿದು ಹೋಗುತ್ತದೆ. ಅಲ್ಲಿ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪ ಜಿನುಗುತ್ತಿರುತ್ತದೆ. ಹತ್ತು ನಿಮಿಷ ತುಂತುರು, ಆಮೇಲೆ ಬಿಸಿಲು, ಮತ್ತೆ ಮೋಡ.

ತಿಂಗಳಿಗಿಂತ ದಿಕ್ಕು ಮುಖ್ಯ. ಮೋಡಗಳು ಅಟ್ಲಾಂಟಿಕ್ ಕಡೆಯಿಂದ ಬರುತ್ತವೆ. ಹಾಗಾಗಿ ಪಶ್ಚಿಮದ ಬೆಟ್ಟಗಳು ನೆನೆಯುತ್ತವೆ, ಪೂರ್ವದ ಬಯಲು ಒಣಗಿರುತ್ತದೆ. ನಮ್ಮ ಘಟ್ಟ ಮತ್ತು ಬಯಲುಸೀಮೆಯ ಕಥೆಯೇ. ಲೇಕ್ ಡಿಸ್ಟ್ರಿಕ್ಟ್‌ನ ಸೀತ್‌ವೇಟ್ ಇಂಗ್ಲೆಂಡಿನ ಆಗುಂಬೆ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ. ಮಳೆಗೆ ನಿಜವಾಗಿ ಹೆದರುವವರು ಕೇಂಬ್ರಿಡ್ಜ್, ನಾರಿಚ್, ಯಾರ್ಕ್ ಕಡೆ ಜಾಸ್ತಿ ದಿನ ಇಟ್ಟುಕೊಳ್ಳಿ. ಕೊಡೆ ಬೇಡ, ಗಾಳಿಗೆ ಮಗುಚಿಕೊಳ್ಳುತ್ತದೆ. ಟೋಪಿ ಇರುವ ಜರ್ಕಿನ್ ತನ್ನಿ.

ನಮ್ಮ ಮಕ್ಕಳಿಗೆ ರಜೆ ಏಪ್ರಿಲ್-ಮೇ, ಬಿಟ್ಟರೆ ದಸರಾ. ಆ ಟೈಮಲ್ಲಿ ಚೆನ್ನಾಗಿರುತ್ತಾ?

ಕರ್ನಾಟಕದ ಬೇಸಿಗೆ ರಜೆ ಬ್ರಿಟನ್‌ಗೆ ಹೇಳಿ ಮಾಡಿಸಿದ ಹಾಗಿದೆ. ನಮ್ಮಲ್ಲಿ ಬಿಸಿಲು ತಲೆ ಸುಡುವಾಗ ಅಲ್ಲಿ ಮರ ಚಿಗುರುತ್ತಿರುತ್ತದೆ, ಕುರಿಮರಿಗಳು ಹೊಲದಲ್ಲಿ ನೆಗೆಯುತ್ತಿರುತ್ತವೆ. ಈಸ್ಟರ್ ಆಸುಪಾಸಿನ ಎರಡು ವಾರ ಅಲ್ಲಿನ ಶಾಲೆಗಳಿಗೂ ರಜೆ. ಅದನ್ನು ದಾಟಿಕೊಂಡು ಬಂದರೆ ಒಳ್ಳೆಯದು. ಈಸ್ಟರ್ ವರ್ಷ ವರ್ಷ ಬದಲಾಗುತ್ತದೆ, ಕ್ಯಾಲೆಂಡರ್ ನೋಡಿಕೊಳ್ಳಿ.

ದಸರಾ ರಜೆಗೆ ಬಂದರೆ ಎಲೆ ಬಣ್ಣ ತಿರುಗುವ ಕಾಲ. ಬಣ್ಣ ತುಂಬುವುದು ಅಕ್ಟೋಬರ್ ಕೊನೆಗೆ. ಆದರೆ ಸ್ಕಾಟ್ಲೆಂಡಿನ ಪರ್ತ್‌ಶೈರ್ ಕಡೆ, ಪಿಟ್‌ಲಾಕ್ರಿ ಸುತ್ತ, ಸ್ವಲ್ಪ ಮುಂಚೆಯೇ ಶುರುವಾಗುತ್ತದೆ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅವತ್ತಿನಿಂದ ಸಂಜೆ ಐದಕ್ಕೆಲ್ಲ ಕತ್ತಲೆ. ಆ ಭಾನುವಾರದ ಮೊದಲೇ ಹಳ್ಳಿ ಕಡೆಯ ತಿರುಗಾಟ ಮುಗಿಸಿ.

ವೀಸಾ, ರೈಲು ಟಿಕೆಟ್ ಎಲ್ಲ ಎಷ್ಟು ಮುಂಚೆ ಮಾಡಿಸಬೇಕು?

ಪ್ರವಾಸಿ ವೀಸಾಗೆ ಹೊರಡುವ ದಿನಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಬರುತ್ತದೆ. ಆದರೂ ಮೇ ತಿಂಗಳಿಗೆ ಬರುವವರು ಫೆಬ್ರವರಿ-ಮಾರ್ಚ್‌ನಲ್ಲೇ ಹಾಕಿ. ದೂರದ ರೈಲಿನ ಅಗ್ಗದ ಅಡ್ವಾನ್ಸ್ ಟಿಕೆಟ್‌ಗಳು ಸಾಮಾನ್ಯವಾಗಿ ಎರಡು-ಮೂರು ತಿಂಗಳು ಮೊದಲು ಬಿಡುಗಡೆಯಾಗುತ್ತವೆ. ನಿಲ್ದಾಣಕ್ಕೆ ಹೋಗಿ ಅದೇ ದಿನ ಕೊಂಡರೆ ಬೆಲೆ ಬಹಳ ಏರಿರುತ್ತದೆ. ವಾರದ ದಿನಗಳಲ್ಲಿ ಬೆಳಗ್ಗೆ 9.30 ದಾಟಿದ ಮೇಲೆ ದರ ಇಳಿಯುವುದು ವಾಡಿಕೆ. ಹಳಿ ರಿಪೇರಿ ಕೆಲಸವನ್ನು ಭಾನುವಾರ ಮತ್ತು ಬ್ಯಾಂಕ್ ಹಾಲಿಡೇಗಳಲ್ಲಿ ಇಟ್ಟುಕೊಳ್ಳುತ್ತಾರೆ. ದೊಡ್ಡ ಪ್ರಯಾಣ ಆ ದಿನಗಳಿಗೆ ಇಡಬೇಡಿ.

ಜನವರಿಯಲ್ಲಿ ವಿಮಾನ ಟಿಕೆಟ್ ಅಗ್ಗ ಸಿಗ್ತಿದೆ. ತಗೊಂಡುಬಿಡ್ಲಾ?

ನಗರಗಳನ್ನಷ್ಟೇ ನೋಡುವುದಾದರೆ ತಗೊಳ್ಳಿ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ವರ್ಷವಿಡೀ ಉಚಿತ, ಜನವರಿಯಲ್ಲಿ ಆರಾಮಾಗಿ ನೋಡಬಹುದು. ಬಾತ್ ಊರಿನ ರೋಮನ್ ಸ್ನಾನಗೃಹ ಚಳಿಯಲ್ಲೇ ಚೆಂದ. ಬಿಸಿನೀರ ಬುಗ್ಗೆಯಿಂದ ಆವಿ ಏಳುವುದು ತಣ್ಣನೆಯ ಗಾಳಿಯಲ್ಲಿ ಕಣ್ಣಿಗೆ ಕಟ್ಟುತ್ತದೆ.

ಹಳ್ಳಿಗಾಡು, ಬೆಟ್ಟ, ಹಳೆಯ ಬಂಗಲೆಗಳು ಬೇಕೆಂದರೆ ಬೇಡ. ಮೊದಲ ವರ್ಷ ನಾನು ಚಳಿಗಾಲದಲ್ಲಿ ಒಂದು ಕೋಟೆಗೆ ಎರಡು ರೈಲು, ಒಂದು ಬಸ್ ಬದಲಿಸಿ ಹೋಗಿದ್ದೆ. ತಲುಪಿದಾಗ ಮೂರೂಕಾಲು. ಕೊನೆಯ ಪ್ರವೇಶ ಮೂರಕ್ಕೇ ಮುಗಿದಿತ್ತು. ಗೇಟಿನ ಹೊರಗೆ ನಿಂತು ಕಲ್ಲಿನ ಗೋಡೆಯ ಮೇಲಿನ ಬೆಳಕು ಆರುವುದನ್ನು ನೋಡಿ ಬಂದೆ. ವಾಪಸ್ ಬಸ್ಸಿಗೆ ಕಾಯುವಾಗ ಪೂರ್ತಿ ಕತ್ತಲೆ. ಅವತ್ತಿನಿಂದ ಎಲ್ಲಿಗೆ ಹೋಗುವುದಿದ್ದರೂ ಮುಚ್ಚುವ ಸಮಯ ನೋಡುವುದಿಲ್ಲ, ಕೊನೆಯ ಪ್ರವೇಶದ ಸಮಯ ನೋಡುತ್ತೇನೆ.

ಡಿಸೆಂಬರ್ 25ರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅವತ್ತು ರೈಲು ಇಲ್ಲ, ಲಂಡನ್‌ನ ಟ್ಯೂಬ್ (ಅಲ್ಲಿನ ಮೆಟ್ರೊ) ಇಲ್ಲ, ಅಲ್ಲಿನ ಬಸ್ ಇಲ್ಲ. ನೋಡುವ ಜಾಗಗಳೂ ಮುಚ್ಚಿರುತ್ತವೆ. ಮನೆ ಮಂದಿ ಜೊತೆ ಇರುವ ದಿನ ಅದು. ಅಡುಗೆ ಸಾಮಾನು ಹಿಂದಿನ ದಿನವೇ ತಂದಿಟ್ಟುಕೊಳ್ಳಿ.

## ಜಾಗ ಗೊತ್ತಾಗಿದೆ, ದಿನ ಗೊತ್ತಾಗಬೇಕು ಅನ್ನುವವರಿಗೆ

ಲಂಡನ್‌ಗೆ ನಾಲ್ಕು ದಿನ ಇದೆ. ವಾರದ ಯಾವ ದಿನ ಯಾವುದನ್ನು ನೋಡೋದು?

ಲಂಡನ್‌ನಲ್ಲಿ ತಿಂಗಳಿಗಿಂತ ವಾರದ ಯಾವ ದಿನ ಅನ್ನುವುದೇ ಮುಖ್ಯ. ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಭಾನುವಾರ ಪ್ರಾರ್ಥನೆಗೆ ಮಾತ್ರ, ಪ್ರವಾಸಿಗರಿಗೆ ಇಲ್ಲ. ಆದರೆ ಅಲ್ಲಿ ಸಂಜೆಯ ಹಾಡುಪ್ರಾರ್ಥನೆಗೆ ಯಾರು ಬೇಕಾದರೂ ದುಡ್ಡಿಲ್ಲದೆ ಕೂರಬಹುದು. ಆ ಎತ್ತರದ ಕಮಾನಿನ ಕೆಳಗೆ ಮಕ್ಕಳ ದನಿ ಏರುವುದನ್ನು ಒಮ್ಮೆ ಕೇಳಿ. ವಿಂಡ್ಸರ್ ಕೋಟೆ ಸಾಮಾನ್ಯವಾಗಿ ಮಂಗಳವಾರ, ಬುಧವಾರ ಮುಚ್ಚಿರುತ್ತದೆ. ರಾಜಮನೆತನದ ಸಮಾರಂಭ ಇದ್ದರೆ ಬೇರೆ ದಿನವೂ ಮುಚ್ಚಬಹುದು. ಬಕಿಂಗ್‌ಹ್ಯಾಮ್ ಅರಮನೆಯ ದೊಡ್ಡ ಕೋಣೆಗಳು ತೆರೆಯುವುದು ಮುಖ್ಯವಾಗಿ ಬೇಸಿಗೆಯಲ್ಲಿ, ಜುಲೈನಿಂದ ಸೆಪ್ಟೆಂಬರ್‌ವರೆಗೆ. ಕಾವಲುಗಾರರ ಬದಲಾವಣೆ ದಿನಾ ಇರುವುದಿಲ್ಲ. ಅದರ ವೇಳಾಪಟ್ಟಿ ನೋಡದೆ ಹೋಗಬೇಡಿ.

ಟವರ್ ಆಫ್ ಲಂಡನ್‌ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಒಳಗೆ ಹೋದವರೇ ಸೀದಾ ರಾಜಾಭರಣಗಳ ಕಡೆ ನಡೆಯಿರಿ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಸಾಲು ಉದ್ದವಾಗಿರುತ್ತದೆ.

ಕನ್ನಡದವರಿಗೆ ಇನ್ನೊಂದು ಜಾಗ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಅನಾವರಣವಾಯಿತು. ಎದುರಿಗೆ ನದಿ, ನದಿಯಾಚೆ ಪಾರ್ಲಿಮೆಂಟ್. ಬೇಸಿಗೆ ಸಂಜೆ ಎಂಟರ ಮೇಲೆ ಹೋಗಿ. ಬಿಸಿಲು ಇಳಿಯುತ್ತಾ ಪಾರ್ಲಿಮೆಂಟಿನ ಗೋಪುರಗಳು ಕಪ್ಪು ನೆರಳಾಗಿ ಕಾಣುತ್ತವೆ. ಜನ ಕಡಿಮೆ, ಸುಮ್ನೆ ಸ್ವಲ್ಪ ಹೊತ್ತು ಕೂರಬಹುದು.

ಸ್ಟೋನ್‌ಹೆಂಜ್‌ನಲ್ಲಿ ಕಲ್ಲಿನ ಹತ್ತಿರ ಹೋಗೋಕೆ ಬಿಡಲ್ವಂತೆ, ಹೌದಾ?

ಸಾಮಾನ್ಯ ಟಿಕೆಟ್‌ನಲ್ಲಿ ಹಗ್ಗದ ಹೊರಗೆ ಸುತ್ತು ಬರಬಹುದು ಅಷ್ಟೇ. ಕಲ್ಲುಗಳ ನಡುವೆ ನಿಲ್ಲಬೇಕೆಂದರೆ ಮುಖ್ಯವಾಗಿ ಮೂರು ದಾರಿ. ಒಂದು, ಜನ ಬರುವ ಮೊದಲು ಅಥವಾ ಹೋದ ಮೇಲೆ, ಬೆಳಗಿನ ಜಾವ ಇಲ್ಲವೇ ಸಂಜೆ, ಸಣ್ಣ ಗುಂಪುಗಳನ್ನು ಒಳಗೆ ಬಿಡುವ ಬೇರೆ ಟಿಕೆಟ್. ತಿಂಗಳುಗಳ ಮೊದಲೇ ಕಾದಿರಿಸಬೇಕು. ಎರಡು, ಜೂನ್ 21ರ ಆಸುಪಾಸಿನ ಅತಿ ಉದ್ದದ ಹಗಲಿನ ಮುಂಜಾವ. ಮೂರು, ಡಿಸೆಂಬರ್ 21-22ರ ಅತಿ ಚಿಕ್ಕ ಹಗಲಿನದು. ಈ ಎರಡು ದಿನ ಎಲ್ಲರಿಗೂ ಉಚಿತ ಪ್ರವೇಶ. ಜೂನ್‌ನಲ್ಲಿ ಸಾವಿರಾರು ಜನ ಇರುತ್ತಾರೆ, ಡಿಸೆಂಬರ್‌ನಲ್ಲಿ ಕಡಿಮೆ.

ಈ ಕಲ್ಲುಗಳನ್ನು ನಿಲ್ಲಿಸಿ ಸುಮಾರು 4,500 ವರ್ಷ ಆಯಿತು. ನಿಲ್ಲಿಸಿದವರು ಎರಡು ದಿಕ್ಕು ಹಿಡಿದಿದ್ದರು: ಬೇಸಿಗೆಯ ಅತಿ ಉದ್ದದ ಹಗಲಿನ ಸೂರ್ಯೋದಯ, ಚಳಿಗಾಲದ ಅತಿ ಚಿಕ್ಕ ಹಗಲಿನ ಸೂರ್ಯಾಸ್ತ. ನನಗೆ ಎರಡನೆಯದೇ ಇಷ್ಟ. ಡಿಸೆಂಬರ್‌ನಲ್ಲಿ ಸೂರ್ಯ ನಾಲ್ಕರ ಹೊತ್ತಿಗೇ ಮುಳುಗುವುದರಿಂದ, ಮಾಮೂಲಿ ಟಿಕೆಟ್‌ನ ಕೊನೆಯ ಪ್ರವೇಶದಲ್ಲಿ ಹೋದವರೂ ಮುಳುಗುವುದನ್ನು ನೋಡಬಹುದು. ಬೇಸಿಗೆಯಲ್ಲಿ ಆ ಭಾಗ್ಯ ಇಲ್ಲ, ಸೂರ್ಯ ಮುಳುಗುವ ಮೊದಲೇ ಗೇಟು ಮುಚ್ಚಿರುತ್ತದೆ.

ಕಾಟ್ಸ್‌ವೋಲ್ಡ್ಸ್ ಹಳ್ಳಿಗಳಲ್ಲಿ ಹಳ್ಳಿಗಿಂತ ಜನರೇ ಕಾಣ್ತಾರಂತೆ. ಹೋಗೋದೇ ಬೇಡ್ವಾ?

ಹೋಗಿ, ಆದರೆ ಬೆಳಗ್ಗೆ ಒಂಬತ್ತರ ಮೊದಲು. ಇಡೀ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ. ಲಂಡನ್‌ನಿಂದ ಟೂರ್ ಬಸ್‌ಗಳು ಬಂದು ಇಳಿಯುವುದು ಹತ್ತರ ಮೇಲೆ. ವಾಪಸ್ ಹೊರಡುವುದು ನಾಲ್ಕರ ಹೊತ್ತಿಗೆ. ನಡುವಿನ ಆರು ಗಂಟೆ ಮಾತ್ರ ಆ ಹಳ್ಳಿಗಳು ಜಾತ್ರೆ.

ಅಮ್ಮ ಬಂದಿದ್ದ ವರ್ಷ, ಮೇ ತಿಂಗಳ ಒಂದು ಮಂಗಳವಾರ, ಕಾಸಲ್ ಕೂಮ್‌ಗೆ ಹೋಗಿದ್ದೆವು. ಹಿಂದಿನ ರಾತ್ರಿ ಹತ್ತಿರದ ಊರಲ್ಲಿ ಉಳಿದಿದ್ದೆವು. ಏಳು ಗಂಟೆಗೆ ಮೇಲಿನ ಪಾರ್ಕಿಂಗಿನಿಂದ ಇಳಿಜಾರಿನಲ್ಲಿ ನಡೆದು ಬಂದರೆ ರಸ್ತೆ ಖಾಲಿ. ರಾತ್ರಿ ಮಳೆಗೆ ಕಲ್ಲಿನ ಗೋಡೆಗಳು ಇನ್ನೂ ಒದ್ದೆ. ಅಲ್ಲಿನ ಮನೆಗಳೆಲ್ಲ ಜೇನಿನ ಬಣ್ಣದ ಸುಣ್ಣಕಲ್ಲಿನವು. ಬಿಸಿಲು ಮೊದಲು ಹೊಗೆಗೂಡುಗಳ ಮೇಲೆ ಬಿತ್ತು. ಆಮೇಲೆ ಒಂದೊಂದೇ ಕಲ್ಲು ಬೆಚ್ಚಗಾಗುತ್ತಾ ಕೆಳಗಿಳಿದು ಬಂತು. ಕಿಟಕಿಯೊಂದರಲ್ಲಿ ಯಾರೋ ಟೋಸ್ಟ್ ಸುಡುತ್ತಿದ್ದರು. ಸೇತುವೆ ಕೆಳಗೆ ನೀರಿನ ಸದ್ದು ಬಿಟ್ಟರೆ ಮಾತಿಲ್ಲ. ಅಮ್ಮ ಸೇತುವೆಯ ಕಟ್ಟೆ ಮೇಲೆ ಕೈಯಿಟ್ಟು, "ನಮ್ಮ ಊರ ಹಳೇ ಮನೆ ಜಗಲಿ ಹೀಗೇ ತಣ್ಣಗಿರ್ತಿತ್ತು" ಅಂದರು. ಹತ್ತೂವರೆಗೆ ನಾವು ಹೊರಡುವಾಗ ಅದೇ ಸೇತುವೆ ಮೇಲೆ ಫೋಟೋಗೆ ಸರದಿ ನಿಂತಿದ್ದರು.

ಬೈಬರಿ, ಬೋರ್ಟನ್-ಆನ್-ದ-ವಾಟರ್ ಕೂಡ ಹೀಗೇ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಬೆಳಗ್ಗೆ ಒಂದು ಹಳ್ಳಿ, ಮಧ್ಯಾಹ್ನ ಯಾರೂ ಹೆಸರು ಕೇಳದ ಇನ್ನೊಂದು ಹಳ್ಳಿಗೆ ಹೊಲದ ಕಾಲುದಾರಿಯಲ್ಲಿ ನಡಿಗೆ. ಜನ ಅಲ್ಲಿ ಬದುಕುತ್ತಿದ್ದಾರೆ, ಅದು ಸೆಟ್ ಅಲ್ಲ. ಕಿಟಕಿಗೆ ಮುಖ ಹಚ್ಚಿ ಇಣುಕಬೇಡಿ, ಅಂಗಳದೊಳಗೆ ಕಾಲಿಡಬೇಡಿ.

ಶಾಲೆಯಲ್ಲಿ ಓದಿದ ಆ ಡ್ಯಾಫೊಡಿಲ್ ಹೂವು ನೋಡಬೇಕು. ಯಾವಾಗ, ಎಲ್ಲಿ?

ಉತ್ತರ ಡೈರಿಯಲ್ಲೇ ಸಿಗುತ್ತದೆ. ವರ್ಡ್ಸ್‌ವರ್ತ್ (ಆ ಪದ್ಯ ಬರೆದ ಕವಿ) ತನ್ನ ತಂಗಿ ಡೊರೊಥಿ ಜೊತೆ ಲೇಕ್ ಡಿಸ್ಟ್ರಿಕ್ಟ್‌ನ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಆ ಹೂಗಳನ್ನು ಕಂಡಿದ್ದು 1802ರ ಏಪ್ರಿಲ್ 15ರಂದು. ಡೊರೊಥಿ ಅದನ್ನು ಬರೆದಿಟ್ಟಿದ್ದಾಳೆ. ಈಗ ದಕ್ಷಿಣದಲ್ಲಿ ಮಾರ್ಚ್‌ನಲ್ಲೇ ಅರಳುತ್ತವೆ. ಅಲ್ಸ್‌ವಾಟರ್ ಕಡೆ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರಗಳು ಸರಿ. ನಮ್ಮ ಯುಗಾದಿಯ ಹೊತ್ತು ಅನ್ನಿ.

ಅದು ತಪ್ಪಿದರೂ ಬೇಸರ ಬೇಡ. ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ ಕಾಡಿನ ನೆಲವೆಲ್ಲ ಬ್ಲೂಬೆಲ್. ಲಂಡನ್ ಹತ್ತಿರ ಆಶ್ರಿಜ್ ಕಾಡಿಗೆ ಹೋಗಿ. ದಾರಿ ಬಿಟ್ಟು ಇಳಿಯಬೇಡಿ, ಒಮ್ಮೆ ತುಳಿದ ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಜೂನ್ ಕೊನೆಯಿಂದ ಜುಲೈ ಪೂರ್ತಿ ಲ್ಯಾವೆಂಡರ್. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ನಾರ್ತ್ ಯಾರ್ಕ್ ಮೂರ್ಸ್‌ನ ಗುಡ್ಡಗಳೆಲ್ಲ ಹೆದರ್ ಹೂವಿನಿಂದ ನೇರಳೆ ಬಣ್ಣ. ನಮ್ಮ ಕುರಿಂಜಿಗೆ ಹನ್ನೆರಡು ವರ್ಷ ಕಾಯುತ್ತೇವೆ. ಇದು ಪ್ರತಿ ವರ್ಷ ಬರುತ್ತದೆ.

ಸ್ಕಾಟ್ಲೆಂಡ್‌ಗೆ ಆಗಸ್ಟ್ ಒಳ್ಳೇದು ಅಂತ ಎಲ್ಲಾ ಹೇಳ್ತಾರೆ. ನಿಜಾನಾ?

ಎಡಿನ್‌ಬರಾ ಉತ್ಸವಕ್ಕಾಗಿ ಬರುವವರಿಗೆ ನಿಜ. 1947ರಿಂದ ನಡೆಯುತ್ತಿರುವ ಹಬ್ಬ ಅದು. ನಾಟಕ, ಸಂಗೀತ, ಕೋಟೆಯ ಅಂಗಳದಲ್ಲಿ ಸೈನಿಕ ಬ್ಯಾಂಡ್. ಊರಿಗೆ ಊರೇ ರಂಗಮಂದಿರ. ಕೋಟೆ ನೋಡಲು ಮಾತ್ರ ಬರುವವರಿಗೆ ಆಗಸ್ಟ್ ಬೇಡ, ರೂಮಿನ ಬಾಡಿಗೆ ಕೈ ಸುಡುತ್ತದೆ. ಕೋಟೆಯಲ್ಲಿ ಮಧ್ಯಾಹ್ನ ಒಂದು ಗಂಟೆಯ ತೋಪು ಭಾನುವಾರ ಬಿಟ್ಟು ಹೆಚ್ಚುಕಡಿಮೆ ಪ್ರತಿದಿನ ಹಾರುತ್ತದೆ. ಅದಕ್ಕೆ ಉತ್ಸವ ಬೇಕಿಲ್ಲ.

ಹೈಲ್ಯಾಂಡ್ಸ್ ಮತ್ತು ಸ್ಕೈ ದ್ವೀಪಕ್ಕೆ ನನ್ನ ಆಯ್ಕೆ ಮೇ ತಿಂಗಳ ಮೊದಲ ಮೂರು ವಾರ. ಪಶ್ಚಿಮ ಸ್ಕಾಟ್ಲೆಂಡಿನಲ್ಲಿ ಏಪ್ರಿಲ್, ಮೇ ವರ್ಷದಲ್ಲೇ ಕಡಿಮೆ ಮಳೆಯ ತಿಂಗಳುಗಳು. ಇನ್ನೂ ದೊಡ್ಡ ಕಾರಣ ಮಿಡ್ಜ್. ನಮ್ಮ ಕಡೆ ನೊರಜು ಅನ್ನುತ್ತೇವಲ್ಲ, ಅಂಥದ್ದೇ, ಆದರೆ ಕಚ್ಚುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಇಂಬಳ ಹೇಗೋ ಹೈಲ್ಯಾಂಡ್ಸ್‌ನ ಬೇಸಿಗೆಗೆ ಮಿಡ್ಜ್ ಹಾಗೆ. ಮೇ ಕೊನೆಗೆ ಶುರುವಾಗಿ ಸೆಪ್ಟೆಂಬರ್‌ವರೆಗೆ ಇರುತ್ತವೆ. ಗಾಳಿ ಬೀಸಿದರೆ ಹಾರಲಾರವು. ಗಾಳಿಯಿಲ್ಲದ, ಮೋಡ ಕವಿದ ಸಂಜೆ ಕೆರೆ ದಂಡೆಯಲ್ಲಿ ನಿಲ್ಲಬೇಡಿ.

ಅಪ್ಪ-ಅಮ್ಮನ್ನ ಕರೆಸಿಕೊಳ್ಳಬೇಕು, ಅವರಿಗೆ ಚಳಿ ತಡೆಯೋಕಾಗಲ್ಲ. ಯಾವಾಗ?

ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯ. ಆಗಲೂ ಬೆಳಗ್ಗೆ ಸ್ವೆಟರ್ ಬೇಕು. ಜುಲೈನಲ್ಲಿ ಕೆಲವು ದಿನ ಬಿಸಿಗಾಳಿ ಬಂದರೆ ಬ್ರಿಟನ್‌ನ ಮನೆಗಳಲ್ಲಿ ಫ್ಯಾನು, ಎಸಿ ಇರುವುದು ಅಪರೂಪ. 2022ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ 40 ಡಿಗ್ರಿ ದಾಟಿತ್ತು. ಒಂದು ಟೇಬಲ್ ಫ್ಯಾನು ತಂದಿಟ್ಟಿರಿ.

ವಯಸ್ಸಾದವರಿಗೆ ಚಳಿಗಿಂತ ಈ ಉದ್ದನೆಯ ಹಗಲೇ ವಿಚಿತ್ರ ಅನ್ನಿಸುತ್ತದೆ. ಅಮ್ಮ ಬಂದ ಮೊದಲ ವಾರ ದೀಪ ಹಚ್ಚಲು ಹೊತ್ತು ಮುಳುಗಲಿ ಅಂತ ಕಾದರು. ಎಂಟಾಯಿತು, ಒಂಬತ್ತಾಯಿತು, ಹೊರಗೆ ಇನ್ನೂ ಬೆಳಕು. ಎರಡು ದಿನ ಹಾಗೆ ಕಾದು, ಮೂರನೇ ದಿನ ಆರೂವರೆಗೇ ಹಚ್ಚಿದರು. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸಿ, ಇಲ್ಲದಿದ್ದರೆ ನಾಲ್ಕೂವರೆಗೇ ಎದ್ದು ಕೂರುತ್ತಾರೆ. ತಿರುಗಾಟಕ್ಕೆ ದಿನಕ್ಕೆ ಒಂದೇ ಜಾಗ ಸಾಕು.

## ಆಗಲೇ ಬಂದು ಹೋದವರಿಗೆ

ಅಷ್ಟು ದೂರ ಹೋದ್ವಿ, ಬಂಗಲೆ ಒಳಗೆ ಬಿಡಲೇ ಇಲ್ಲ. ತೋಟ ಮಾತ್ರ ನೋಡಿ ಬಂದ್ವಿ. ಯಾಕೆ ಹೀಗೆ?

ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುವ ಹಳೆಯ ಮನೆಗಳಲ್ಲಿ ಹಲವು ನವೆಂಬರ್‌ನಿಂದ ಫೆಬ್ರವರಿ-ಮಾರ್ಚ್‌ವರೆಗೆ ಒಳಗಿನ ಕೋಣೆಗಳನ್ನು ಮುಚ್ಚುತ್ತವೆ. ಹಳೆಯ ಬಟ್ಟೆ, ಚಿತ್ರ, ಮರದ ಸಾಮಾನು ಶುಚಿ ಮಾಡಿ, ರಿಪೇರಿ ಮಾಡುವ ಕಾಲ ಅದು. ತೋಟ, ಚಹಾ ಅಂಗಡಿ ತೆರೆದಿರುವುದರಿಂದ ವೆಬ್‌ಸೈಟಿನಲ್ಲಿ 'ತೆರೆದಿದೆ' ಅಂತಲೇ ಕಾಣುತ್ತದೆ. ಮನೆಗೂ ತೋಟಕ್ಕೂ ಬೇರೆ ಬೇರೆ ಸಮಯ ಇರುತ್ತದೆ, ಎರಡನ್ನೂ ನೋಡಿ.

ನನ್ನ ಸಲಹೆ ಸೆಪ್ಟೆಂಬರ್. ಆ ತಿಂಗಳು ಇಂಗ್ಲೆಂಡಿನಲ್ಲಿ ಹೆರಿಟೇಜ್ ಓಪನ್ ಡೇಸ್ ನಡೆಯುತ್ತದೆ. ಬೇರೆ ದಿನ ದುಡ್ಡು ಕೊಡಬೇಕಾದ ಎಷ್ಟೋ ಜಾಗಗಳಿಗೆ, ಬೇರೆ ದಿನ ತೆರೆಯದೇ ಇರುವ ಕೆಲವಕ್ಕೂ, ಉಚಿತ ಪ್ರವೇಶ. ವೇಲ್ಸ್, ಸ್ಕಾಟ್ಲೆಂಡ್‌ನಲ್ಲೂ ಅದೇ ತಿಂಗಳು ಇಂಥದ್ದೇ ಇದೆ.

ವೇಲ್ಸ್ ಕಡೆ ಹೋದರೆ ಪೊವಿಸ್ ಕೋಟೆ ಬಿಡಬೇಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಎಡ್ವರ್ಡ್ ಕ್ಲೈವ್ ಮದ್ರಾಸಿನ ಗವರ್ನರ್ ಆಗಿದ್ದ. ಟಿಪ್ಪುವಿನ ಹೂಬಳ್ಳಿ ಚಿತ್ತಾರದ ಹತ್ತಿ ಡೇರೆ ಅವನ ಹೆಂಡತಿಯ ಮನೆತನದ ಈ ಕೋಟೆ ಸೇರಿತು. ನಾಜೂಕು ಬಟ್ಟೆಯಾದ್ದರಿಂದ ಪ್ರದರ್ಶನದಲ್ಲಿ ಇದೆಯಾ ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ. ಕೋಟೆಯ ಮೆಟ್ಟಿಲು ಮೆಟ್ಟಿಲಾದ ತೋಟ ಅಕ್ಟೋಬರ್‌ನಲ್ಲಿ ಕೆಂಪಾಗುತ್ತದೆ.

ಕಾರು ಇಲ್ಲದೆ ಹೇಡ್ರಿಯನ್ ಗೋಡೆ ನೋಡಬಹುದಾ?

ಈಸ್ಟರ್‌ನಿಂದ ಅಕ್ಟೋಬರ್‌ವರೆಗೆ ನೋಡಬಹುದು. ಆಗ ಉತ್ತರ ಇಂಗ್ಲೆಂಡಿನ ಈ ಗೋಡೆಯ ನಡುಭಾಗದ ಉದ್ದಕ್ಕೂ ಎಡಿ 122 ಅನ್ನುವ ಬಸ್ ಓಡುತ್ತದೆ. ರೋಮನ್ನರು ಗೋಡೆ ಕಟ್ಟಲು ಶುರು ಮಾಡಿದ ಇಸವಿಯೇ ಬಸ್ಸಿನ ನಂಬರು. ಚಳಿಗಾಲದಲ್ಲಿ ಕಾರಿಲ್ಲದೆ ಕಷ್ಟ. ಹೌಸ್‌ಸ್ಟೆಡ್ಸ್ ಕೋಟೆಯ ಹತ್ತಿರ ಇಳಿದು ಪಶ್ಚಿಮಕ್ಕೆ ನಡೆಯಿರಿ, ಗೋಡೆಯ ಅತಿ ಚೆಂದದ ಭಾಗ ಅದೇ. ಸಿಕಮೋರ್ ಗ್ಯಾಪ್‌ನ ಒಂಟಿ ಮರವನ್ನು 2023ರ ಸೆಪ್ಟೆಂಬರ್‌ನಲ್ಲಿ ಕಡಿದುಹಾಕಿದರು. ಹಳೆಯ ಫೋಟೋ ನೋಡಿ ಬರುವವರಿಗೆ ಇದು ಗೊತ್ತಿರಲಿ. ಮರ ಇದ್ದ ಆ ಖಾಲಿ ತಗ್ಗು ನೋಡಿದಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹೋಲಿ ಐಲ್ಯಾಂಡ್‌ಗೆ ಹೋಗುವ ರಸ್ತೆ ದಿನಾ ಮುಳುಗುತ್ತಂತೆ. ಯಾವ ಟೈಮಿಗೆ ಹೋಗಬೇಕು ಅಂತ ಹೇಗೆ ತಿಳಿಯೋದು?

ಇಲ್ಲಿ ತಿಂಗಳು, ವಾರ ಯಾವುದೂ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಚಂದ್ರ. ನಾರ್ತಂಬರ್‌ಲ್ಯಾಂಡ್ ಕರಾವಳಿಯ ಈ ಲಿಂಡಿಸ್‌ಫಾರ್ನ್ ದ್ವೀಪದಲ್ಲಿ 635ರಲ್ಲಿ ಮಠ ಕಟ್ಟಿದರು, 793ರಲ್ಲಿ ವೈಕಿಂಗರು ಅದನ್ನು ದೋಚಿದರು. ಇಲ್ಲಿಗೆ ಇರುವುದು ಸಮುದ್ರದ ತಳದ ಮೇಲೆ ಹಾಕಿದ ಒಂದೇ ರಸ್ತೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲವೂ ರಸ್ತೆ ಕಾಣೆ. ಉಬ್ಬರದ ಸಮಯ ದಿನಾ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಷ್ಟು ಮುಂದಕ್ಕೆ ಹೋಗುತ್ತದೆ. ಹಾಗಾಗಿ ನಿನ್ನೆ ಹೋದವರ ಸಮಯ ನಿಮಗೆ ಆಗಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ಎತ್ತರ. ಕಾರವಾರ, ಮಲ್ಪೆ ಕಡೆಯವರಿಗೆ ಇದು ಹೇಳಬೇಕಾಗಿಲ್ಲ.

ಸುರಕ್ಷಿತವಾಗಿ ದಾಟುವ ಸಮಯದ ಪಟ್ಟಿಯನ್ನು ಕೌಂಟಿ ಕೌನ್ಸಿಲ್ ಪ್ರಕಟಿಸುತ್ತದೆ, ರಸ್ತೆಯ ಎರಡೂ ತುದಿಯಲ್ಲಿ ಅಂಟಿಸಿರುತ್ತಾರೆ. ಅದನ್ನು ನೋಡಿಯೇ ಆ ಕಡೆಯ ಪ್ರಯಾಣದ ದಿನ ಗೊತ್ತು ಮಾಡಿ. ಪಟ್ಟಿಯ ಕೊನೆಯ ನಿಮಿಷದವರೆಗೆ ಕಾಯಬೇಡಿ. ರಸ್ತೆ ಬದಿ ಮರದ ಕಂಬಗಳ ಮೇಲೆ ಒಂದು ಪುಟ್ಟ ಬಿಳಿ ಗೂಡು ಇದೆ. ಸಿಕ್ಕಿಹಾಕಿಕೊಂಡವರು ಕಾರು ಬಿಟ್ಟು ಹತ್ತಿ ಕೂರಲಿ ಅಂತ ಕಟ್ಟಿದ್ದು.

ಸಾಧ್ಯವಾದರೆ ಒಂದು ರಾತ್ರಿ ದ್ವೀಪದಲ್ಲೇ ಉಳಿಯಿರಿ. ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ನೀರು ಬರುವ ದಿನ ಆರಿಸಿಕೊಳ್ಳಿ. ದಿನದ ಪ್ರವಾಸಿಗರೆಲ್ಲ ಗಡಿಬಿಡಿಯಲ್ಲಿ ಹೊರಡುತ್ತಾರೆ. ಆಮೇಲೆ ರಸ್ತೆಯ ತುದಿಗೆ ನಡೆದು ಹೋಗಿ ನಿಂತು ನೋಡಿ. ಮೊದಲು ಎರಡೂ ಕಡೆಯ ಮರಳು ಮಿಂಚುತ್ತದೆ. ಆಮೇಲೆ ತೆಳ್ಳಗಿನ ನೀರಿನ ಹಾಳೆಯೊಂದು ಡಾಂಬರಿನ ಮೇಲೆ ಸದ್ದಿಲ್ಲದೆ ಹರಿದು ಬಂದು ನಡುವಿನ ಬಿಳಿ ಗೆರೆಯನ್ನು ಮುಚ್ಚುತ್ತದೆ. ಅರ್ಧ ಗಂಟೆಯಲ್ಲಿ ಅಲ್ಲಿ ರಸ್ತೆ ಇತ್ತು ಅನ್ನುವ ಗುರುತೂ ಉಳಿಯುವುದಿಲ್ಲ. ದೂರದ ಮರಳದಿಬ್ಬದಲ್ಲಿ ಸೀಲ್‌ಗಳು ಕೂಗುವುದು ಆಗ ಕೇಳಿಸುತ್ತದೆ.